ಬಾಯಮ್ಮನ ಜರ್ಮನ್ ಧಣಿ

ಕಳೆದ ವಾರ ಆಫೀಸಿನ ಕಾಪಿ ಮೆಷಿನ್ನಿಗೆ ಕಾಗದ ತುಂಬಿಸಲು ಹೊಸ ಕಟ್ಟು ಒಡೆದೆ. ಎಂದಿನ ಕಾಗದ ಸಿಗಲಿಲ್ಲವೆಂದು ಯಾವುದೋ ಜರ್ಮನ್ ಕಾಗದ ತರಿಸಿದ್ದರು. ಹೊದಿಕೆ ಹರಿದದ್ದೇ ತಡ, ಆ ವಾಸನೆ... ಒಣಹುಲ್ಲಿಗೆ ಸುಣ್ಣ ತಾಗಿದ ಹಾಗೆ. ಅದು ಬಾಯಮ್ಮನ ಕೈಚೀಲದ ವಾಸನೆ. ಹೊದಿಕೆಯ ಮೂಲೆಯಲ್ಲಿ ಗಡ್ಡದ ಮನುಷ್ಯನೊಬ್ಬನ ಸಣ್ಣ ಚಿತ್ರವಿತ್ತು. "ಅರೆ, ನಮ್ಮ ಧಣಿ!" ಎಂದು ಜೋರಾಗಿಯೇ ಅಂದುಬಿಟ್ಟೆ. ಪಕ್ಕದ ಮೇಜಿನ ಈಜಿಪ್ಟಿನವನು ನನ್ನನ್ನು ನೋಡಿದ ರೀತಿಯನ್ನು ಹೇಳದಿರುವುದೇ ವಾಸಿ.

ನಾನು ಚಿಕ್ಕವಳಿದ್ದಾಗ ಇದೇ ಕೊಲ್ಲಿ ದೇಶದಲ್ಲಿ, ಮೈದಾನ್ ಹವಲ್ಲಿ ಎಂಬಲ್ಲಿನ ಕಟ್ಟಡದಲ್ಲಿ ಬಾಯಮ್ಮ ನಮ್ಮ ಮೇಲಿನ ಮನೆಯಲ್ಲಿದ್ದರು. ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ ಹೆಂಗಸು. ಅಂಥವರನ್ನು ನಮ್ಮ ತುಳುವರು ಬಾಯಮ್ಮ ಎಂದೇ ಕರೆಯುವುದು. ಮದುವೆಯಾಗಿರಲಿಲ್ಲ. ಸಿಟಿಯಲ್ಲಿ ಕಾಗದ ಆಮದು ಮಾಡುವ ಆಫೀಸೊಂದರಲ್ಲಿ ಟೈಪಿಸ್ಟ್. ಜರ್ಮನಿಯ ಕಾಗದದ ಮಿಲ್ಲೊಂದು ಚರಿತ್ರೆಯ ಪುಸ್ತಿಕೆಯ ಜೊತೆ ತನ್ನ ಸ್ಥಾಪಕನ ಪಟವನ್ನು ಆ ಆಫೀಸಿಗೆ ಕಳಿಸಿತ್ತು. ಗೋಡೆಗೆ ಬಣ್ಣ ಬಳಿಯುವಾಗ ಅದನ್ನು ಕಸಕ್ಕೆ ಹಾಕಲು ಹೊರಟರಂತೆ. ಮನುಷ್ಯನ ಮುಖವನ್ನು ಕಸಕ್ಕೆ ಹಾಕುವುದು ಹೇಗೆ ಎಂದು ಬಾಯಮ್ಮ ಅದನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದು, ಮನೆಯಲ್ಲಿ ಏಸುವಿಗಿಂತ ಕೆಳಗೆ, ಟಿವಿಗಿಂತ ಮೇಲೆ ತೂಗುಹಾಕಿದರು. ಸತ್ತು ನೂರು ವರ್ಷ ದಾಟಿದ ಆ ಮನುಷ್ಯನೇ ಅವರ ಬಾಯಲ್ಲಿ 'ಧಣಿ'.

ನನಗೊಬ್ಬ ತಮ್ಮ ಹುಟ್ಟಿದ್ದ. ಆಸ್ಪತ್ರೆಯಿಂದ ಅವನು ಮನೆಗೆ ಬರಲಿಲ್ಲ. ಅಮ್ಮ ಒಬ್ಬಳೇ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದವಳು ದಿನಗಟ್ಟಲೆ ಏಳಲಿಲ್ಲ. ಅಪ್ಪನಿಗೆ ದೂರದ ಜಹ್ರಾದ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆ ಕಂಪೆನಿ ಬಸ್ಸು ಹತ್ತಿದರೆ ಬರುವಾಗ ರಾತ್ರಿ. ನಾನು ಖುಬ್ಸ್ ರೊಟ್ಟಿಯಲ್ಲಿ ಸಕ್ಕರೆ ಸುತ್ತಿ ತಿಂದುಕೊಂಡಿದ್ದೆ. ಬಂದ ಹೆಂಗಸರೆಲ್ಲ "ಇನ್ನೊಂದು ಆಗ್ತದೆ ಬಿಡು" ಎಂದು ಹೇಳಿ ಹೋದರು. ಅಮ್ಮ ನೀರನ್ನೂ ಸರಿಯಾಗಿ ಕುಡಿಯುತ್ತಿರಲಿಲ್ಲ. ಇವಳೂ ಹೋಗಿಬಿಡುತ್ತಾಳೆ ಎಂದು ನನಗೆ ಭಯವಾಗಿತ್ತು. ಯಾರ ಹತ್ತಿರವೂ ಹೇಳಿರಲಿಲ್ಲ ಅಷ್ಟೆ.

ಒಂದು ಸಂಜೆ ಬಾಯಮ್ಮ ಆಫೀಸಿನಿಂದ ನೇರ ನಮ್ಮಲ್ಲಿಗೇ ಬಂದರು. ಸಮಾಧಾನದ ಮಾತು ಒಂದೂ ಇಲ್ಲ. ಮಂಚದ ತುದಿಯಲ್ಲಿ ಕೂತು, ಚಪ್ಪಲಿ ಕಳಚಿ, ಪಾದ ತಿಕ್ಕಿಕೊಳ್ಳುತ್ತ, "ನನ್ನ ಧಣಿಯ ವಿಷಯ ನಿನಗೆ ಗೊತ್ತುಂಟಾ?" ಎಂದರು. ಅವರಿಬ್ಬರ ಮಾತು ತುಳುವಿನಲ್ಲಿ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಮ್ಮ ಅಲುಗಲಿಲ್ಲ. ಬಾಯಮ್ಮ ಗೋಡೆಗೆ ಹೇಳುವವರ ಹಾಗೆ ಕಥೆ ಶುರು ಮಾಡಿದರು. ಧಣಿಯ ಅಪ್ಪ ಊರೂರು ತಿರುಗಿ ಹರಕು ಬಟ್ಟೆ ಕೊಳ್ಳುವವನು. ಆ ಕಾಲದಲ್ಲಿ ಕಾಗದ ಮಾಡುತ್ತಿದ್ದದ್ದು ಹರಕು ಬಟ್ಟೆಯಿಂದ. ಹುಡುಗ ಗಾಡಿಯಲ್ಲಿ ಆ ಬಟ್ಟೆಯ ರಾಶಿಯ ಮೇಲೆಯೇ ಮಲಗುತ್ತಿದ್ದ...

"ಹಳೇ ಬಟ್ಟೆಯಿಂದ ಕಾಗದ ಹೇಗೆ ಆಗ್ತದೆ?"

ಅಮ್ಮನ ಸ್ವರ! ನಾನು ಬಾಗಿಲ ಹತ್ತಿರ ಉಸಿರು ಹಿಡಿದು ನಿಂತೆ.

"ಅದು ಚಾ ಕುಡಿದ ಮೇಲೆ. ಗಂಟಲು ಒಣಗಿ ಹೋಗಿದೆ ಮಾರಾಯ್ತಿ. ಇಡ್ತೀಯಾ?"

ಅಮ್ಮ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದಳು. ಡಬ್ಬಿ ಹಾಲಿನ ಆ ಚಾ ನೀರಾಗಿತ್ತು, ಸಕ್ಕರೆಯೂ ಇರಲಿಲ್ಲ. ಬಾಯಮ್ಮ ಎರಡು ಲೋಟ ಕುಡಿದರು.

ಮರುದಿನದಿಂದ ಅದೇ ಕ್ರಮವಾಯಿತು. ಚಾ ಇಲ್ಲದೆ ಕಥೆ ಮುಂದೆ ಹೋಗದು. ಹುಡುಗ ನದಿ ದಂಡೆಯ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದ. ಹೆಂಡತಿ ತಂದ ವರದಕ್ಷಿಣೆಯಿಂದ ಹಳೆಯ ಹಿಟ್ಟಿನ ಗಿರಣಿಯೊಂದನ್ನು ಕೊಂಡು, ಅದರ ನೀರಿನ ಚಕ್ರದಿಂದಲೇ ಕಾಗದ ಮಾಡಿದ. ಹರಕು ಬಟ್ಟೆ ಸಾಲದೆ ಬಂದಾಗ ಹುಲ್ಲು ಬೇಯಿಸಿ ನೋಡಿದ. ಕಥೆಯಲ್ಲಿ ಗಿರಣಿಗೆ ಬೆಂಕಿ ಬೀಳುವ ದಿನ ಬಾಯಮ್ಮ ಬಂಗುಡೆ ಮೀನಿನ ಪುಳಿಮುಂಚಿ ಕೇಳಿದರು. ಅಮ್ಮ ಮಾಡಿದಳು.

"ಕುದುರೆಗಳು?" ಎಂದೆ ನಾನು, ಕಣ್ಣಲ್ಲಿ ನೀರು.

"ಎಲ್ಲಾ ಹೊರಗೆ ಬಂದವು."

"ಬೆಕ್ಕು?"

"ಬೆಕ್ಕು ಎಲ್ಲರಿಗಿಂತ ಮೊದಲು!"

ಬಾಯಮ್ಮನ ಕಥೆಯಲ್ಲಿ ಯಾರೂ ಸಾಯುತ್ತಿರಲಿಲ್ಲ. ಬೆಂಕಿಯ ನಂತರ ಧಣಿ ಮತ್ತೆ ಮಿಲ್ಲು ಕಟ್ಟಿದ, ಮರದಿಂದ ಕಾಗದ ತೆಗೆದ, ದೊಡ್ಡ ಮೆಷಿನ್ ತರಿಸಿದ, ಕೆಲಸದವರಿಗೆ ಮನೆ ಕಟ್ಟಿಸಿದ. ಮಕ್ಕಳೆಲ್ಲ ಗುಂಡುಗುಂಡಗೆ ಬೆಳೆದರು. ಅವರ ಮದುವೆಗಳೇ ತಿಂಗಳುಗಟ್ಟಲೆ ನಡೆದವು. ಒಂದು ಮದುವೆಯಲ್ಲಿ ಬಂಗುಡೆಯೂ ಬಂತು. "ಜರ್ಮನಿಯಲ್ಲಿ ಬಂಗುಡೆ ಎಲ್ಲಿಂದ ಬಾಯಮ್ಮ?" ಎಂದು ಅಮ್ಮ ಕೇಳಿದಳು. "ಅದು ಜರ್ಮನ್ ಬಂಗುಡೆ," ಎಂದರು ಅವರು, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ. ಅಮ್ಮ ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಆಮೇಲೊಂದು ಶುಕ್ರವಾರ ಅಮ್ಮ ತಾನಾಗಿಯೇ ಮೆಟ್ಟಿಲು ಹತ್ತಿ ಬಾಯಮ್ಮನ ಮನೆಗೆ ಹೋದಳು. ಧಣಿಯ ಪಟದ ಎದುರು ಬಹಳ ಹೊತ್ತು ನಿಂತಳು. ಮರುದಿನ, ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದ ಗಂಧದ ಮಾಲೆಯೊಂದನ್ನು ಒಯ್ದು ಅದಕ್ಕೆ ಹಾಕಿಬಿಟ್ಟಳು. ಬಾಯಮ್ಮ ಗಾಬರಿಯಾದರು. "ಸತ್ತವರಿಗಲ್ಲವಾ ನಿಮ್ಮವರು ಮಾಲೆ ಹಾಕುವುದು? ಕಥೆಯಲ್ಲಿ ಇನ್ನೂ ಗಟ್ಟಿ ಇದ್ದಾರೆ ಮಾರಾಯ್ತಿ!"

"ಇರಲಿ ಬಾಯಮ್ಮ. ಚೆಂದ ಕಾಣ್ತದೆ," ಎಂದಳು ಅಮ್ಮ.

ಅಮ್ಮನಿಗೆ ಇಷ್ಟೂ ಗೊತ್ತಾಗುವುದಿಲ್ಲವಲ್ಲ ಎಂದು ನನಗೆ ನಾಚಿಕೆಯಾಯಿತು. ಮಾಲೆ ಮಾತ್ರ ಅಲ್ಲೇ ಉಳಿಯಿತು.

ನಾನು ಕಾಲೇಜು ಸೇರುವ ಹೊತ್ತಿಗೆ ಬಾಯಮ್ಮನಿಗೆ ವೀಸಾ ಕೊಟ್ಟಿದ್ದ ಕಫೀಲ್ ಆಫೀಸು ಮುಚ್ಚಿದ. ಇಲ್ಲಿರಲು ಬೇಕಾದ ಇಕಾಮಾ ಮುಗಿಯಿತು, ಬಾಯಮ್ಮ ಮಂಗಳೂರಿಗೆ ಹೊರಟರು. ಬಟ್ಟೆಬರೆ ಎಷ್ಟೋ ಬಿಟ್ಟುಹೋದರು, ಧಣಿಯನ್ನು ಮಾಲೆ ಸಮೇತ ಕಟ್ಟಿಕೊಂಡು ಹೋದರು. ಅಂದಿನಿಂದ ಫೋನಿನಲ್ಲಿ ಅಮ್ಮನ ಮೊದಲ ಪ್ರಶ್ನೆ ಒಂದೇ: "ಧಣಿ ಹೇಗಿದ್ದಾರೆ ಬಾಯಮ್ಮ?" ಉತ್ತರವೂ ಒಂದೇ: "ಗಟ್ಟಿ ಇದ್ದಾರೆ." ಕಳೆದ ವರ್ಷ ಬಾಯಮ್ಮ ಆಸ್ಪತ್ರೆಯಲ್ಲಿದ್ದಾಗ ಮಾತ್ರ ಉತ್ತರ ಬರಲು ತಡವಾಯಿತಂತೆ. "ಸ್ವಲ್ಪ ಸುಸ್ತು ಮಾರಾಯ್ತಿ... ಚಾ ಕುಡೀತಾರೆ." ಅದೇ ಕೊನೆಯ ಮಾತು. ಬಾಯಮ್ಮ ಹೋದ ಮೇಲೆ ಅವರ ತಂಗಿಯ ಮಗಳು ವಾಟ್ಸಾಪಿನಲ್ಲಿ ಪಟದ ಫೋಟೋ ಕಳಿಸಿ, ಇವರು ಯಾರು, ಆಂಟಿಯ ಸಾಮಾನಿನ ಜೊತೆ ಗುಜರಿಗೆ ಕೊಟ್ಟುಬಿಡುವುದಾ ಎಂದು ಕೇಳಿದ್ದಳು. ಅಮ್ಮನಿಗೆ ಉತ್ತರಿಸಲಾಗಿರಲಿಲ್ಲ.

ಕಾಗದದ ಕಟ್ಟು ಒಡೆದ ದಿನ ಊಟದ ಹೊತ್ತಿನಲ್ಲಿ ನಾನು ಆ ಮಿಲ್ಲಿನ ಚರಿತ್ರೆ ಹುಡುಕಿ ಓದಿದೆ. ಹರಕು ಬಟ್ಟೆ, ಹಿಟ್ಟಿನ ಗಿರಣಿ, ಬೆಂಕಿ ಎಲ್ಲ ನಿಜ. ಆದರೆ ಬೆಂಕಿಯ ಮರುವರ್ಷವೇ ಧಣಿ ತೀರಿಕೊಂಡಿದ್ದ. ಮಕ್ಕಳಲ್ಲಿ ಕೆಲವರು ತೊಟ್ಟಿಲಲ್ಲೇ ಹೋಗಿದ್ದರು. ಮತ್ತೆ ಮಿಲ್ಲು ಕಟ್ಟಿ, ಮೆಷಿನ್ ತರಿಸಿ, ಮನೆಗಳನ್ನು ಕಟ್ಟಿಸಿದವಳು ಆ ಮಕ್ಕಳ ತಾಯಿ. ನೋಡು, ಅವಳು ಎದ್ದಳು, ನೀನೂ ಏಳು ಎಂದು ಅಮ್ಮನಿಗೆ ಹೇಳುವುದು ಎಷ್ಟು ಸುಲಭವಿತ್ತು. ಬಾಯಮ್ಮ ಅದನ್ನು ಹೇಳಲೇ ಇಲ್ಲ. ಮಕ್ಕಳನ್ನೂ ಧಣಿಯನ್ನೂ ಬದುಕಿಸಿಕೊಂಡು ಕೂತರು. ಆಫೀಸಿನಲ್ಲೇ ನನಗೆ ಅಳು ಬಂತು.

ಅಮ್ಮ ಈಗ ವಿಸಿಟ್ ವೀಸಾದಲ್ಲಿ ನನ್ನ ಹತ್ತಿರ ಬಂದಿದ್ದಾಳೆ. ಆ ಸಂಜೆ ಮನೆಗೆ ಹೋದವಳೇ ಎಲ್ಲ ಹೇಳಿದೆ. ಅವಳು ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತುಂಟು. ಪಟದ ಕೆಳಗೆ ಹಿತ್ತಾಳೆಯ ತಗಡಿನಲ್ಲಿ ಹುಟ್ಟಿದ ವರ್ಷ, ಸತ್ತ ವರ್ಷ ಎರಡೂ ಇತ್ತಲ್ಲ. ಆ ಶುಕ್ರವಾರವೇ ಓದಿದ್ದೆ. ಮಕ್ಕಳ ಮದುವೆ ನೋಡುವಷ್ಟು ಬದುಕಿದವರೇ ಅಲ್ಲ."

"ಮತ್ತೆ ಅಷ್ಟು ವರ್ಷ ಯಾಕೆ ಕೇಳ್ತಾ ಕೂತೆ?"

"ಇಡೀ ದಿನ ದುಡಿದು ಬಂದು ನನಗೋಸ್ಕರ ಸುಳ್ಳು ಹೇಳ್ತಾ ಕೂತವರು. ಒಂದು ಲೋಟ ಚಾ ಮಾಡಿಕೊಡದೆ ಮಲಗುವುದು ಹೇಗೆ?"

"ಸತ್ತದ್ದು ಗೊತ್ತಾಗಿಯೇ ಮಾಲೆ ಹಾಕಿದ್ದಾ?"

ಅವಳ ಕೈ ಆಗ ನಿಂತಿತು. "ಅದು ಧಣಿಗಲ್ಲ ಮಗಾ. ನಿನ್ನ ತಮ್ಮನದ್ದು ಒಂದು ಫೋಟೋ ಕೂಡ ಇರಲಿಲ್ಲವಲ್ಲ. ಎಲ್ಲಿ ಹಾಕಲಿ?"

ಅಮ್ಮ ಕಣ್ಣೊರೆಸಿಕೊಂಡು, "ಆ ಹುಡುಗಿಗೆ ಬರಿ," ಎಂದಳು. "ಅವರು ನಮ್ಮ ಮನೆಯವರು, ಮಾಲೆ ತೆಗೆಯಬೇಡ, ಬಾಯಮ್ಮನ ಫೋಟೋ ಪಕ್ಕದಲ್ಲೇ ಇಡು ಅಂತ."

ಅಮ್ಮನ ಫೋನಿನಿಂದಲೇ ಬರೆದು ಕಳಿಸಿದೆ. ಸರಿ ಆಂಟಿ ಎಂದು ಉತ್ತರ ಬಂತು. ಪಟ ಅಲ್ಲಿರುತ್ತದೆ, ಮಾಲೆಯೂ ಇರುತ್ತದೆ. ಆದರೆ ಧಣಿ ಹೇಗಿದ್ದಾರೆ ಎಂದು ಅಮ್ಮ ಕೇಳಿದರೆ, ಗಟ್ಟಿ ಇದ್ದಾರೆ ಎಂದು ಹೇಳಲು ಇನ್ನು ಯಾರೂ ಇಲ್ಲ.