ಹುಲಿಯಮ್ಮನ ಕಾಲು, ಭೈರೇಶರ ಕೈ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಸೊಂಟ ಹಿಡಿದುಕೊಂಡವರು ಮಾತ್ರೆಗಿಂತ ಮೊದಲು ನೆನೆಯುವ ಹೆಸರು ಫಿಸಿಯೋಥೆರಪಿಸ್ಟ್ ಭೈರೇಶ್ ಅವರದು. ತರೀಕೆರೆಯಲ್ಲಿ ವೃತ್ತಿ ಆರಂಭಿಸಿ, ಅಜ್ಜಂಪುರದಲ್ಲಿ ಕೆಲಕಾಲವಿದ್ದು, ಕಡೂರಿನ ಟ್ರಸ್ಟ್ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದು ನಿವೃತ್ತರಾಗುತ್ತಿರುವ ಅವರನ್ನು ಹೊಗಳುವುದು ಸುಲಭ. ಆದರೆ ಹೊಗಳಿಕೆಯೇ ಒಮ್ಮೆ ತಮ್ಮ ದಾರಿ ತಪ್ಪಿಸಿತೆಂದು ಅವರೇ ಹೇಳಿಕೊಂಡು ಬಂದಿದ್ದಾರೆ.

ಪಂಚನಹಳ್ಳಿಯ ಹುಲಿಯಮ್ಮ ಕಾಲು ಮುಂದಾಗಿ ಹುಟ್ಟಿದವರು. ಅಂಥವರು ಮೆಲ್ಲಗೆ ಒದ್ದರೆ ಸೊಂಟದ ಉಳುಕು ಬಿಡುತ್ತದೆಂದು ಊರೆಲ್ಲ ಅವರ ಬಾಗಿಲಿಗೆ ಬರುತ್ತಿತ್ತು. ಕೂಲಿಗೆ ತೆಂಗಿನಕಾಯಿ ಸುಲಿದು ಸುಲಿದು ಅವರದೇ ಸೊಂಟ ಹಿಡಿದಾಗ ಒದೆಯಲು ಇನ್ನೊಬ್ಬರಿರಲಿಲ್ಲ. ಇದ್ದ ಕೆಲಸವೂ ಹೋದೀತೆಂಬ ಭಯದಲ್ಲಿ ಕಡೂರಿಗೆ ಬಂದವರು ಮೊದಲು ಕೇಳಿದ್ದು, "ನೀವೂ ಕಾಲು ಮುಂದಾಗೇ ಹುಟ್ಟಿದ್ರಾ ಸಾ?"

ಭೈರೇಶ್ ಅವರು ನಕ್ಕು, ಪರೀಕ್ಷಿಸಿ, ಪಕ್ಕಕ್ಕೆ ಮಲಗಿಸಿ, ಬೆನ್ನನ್ನು ಹದವಾಗಿ ತಿರುಗಿಸಿ ಒತ್ತಿದರು. ಲಟಕ್ಕೆಂದಿತು. ಎದ್ದು ನಿಂತ ಹುಲಿಯಮ್ಮ ವರಾಂಡಕ್ಕೆಲ್ಲ ಅವರ ಕೈಗುಣ ಸಾರಿದರು. ಉಬ್ಬಿಹೋದ ಭೈರೇಶ್ ಅವರು ವ್ಯಾಯಾಮ ಕಲಿಸುವುದನ್ನೇ ಮರೆತರು. ತಿಂಗಳೊಳಗೆ ಹುಲಿಯಮ್ಮ ಗೂಡ್ಸ್ ಆಟೋದಲ್ಲಿ ಮಲಗಿಕೊಂಡೇ ಬಂದರು.

"ಇನ್ನೊಂದ್ಸಲ ಲಟಕ್ ಅನ್ಸಿ ಸಾ. ಸುಲಿಯಾಕ್ ಬೇರೆಯೋರ್ನ ಕರ್ಕೊಂಡ್ಬಿಟ್ಟವ್ರೆ."

"ತಪ್ಪು ನಂದು ತಾಯಿ. ಆ ಸದ್ದು ನಾಕ್ ದಿನದ ಸುಖ ಅಷ್ಟೇ. ಸೊಂಟಕ್ಕೆ ಬಲ ನೀವೇ ತರ್ಬೇಕು, ನಾನ್ ಕಲಿಸ್ತೀನಿ."

ಕಲಿಸಿದರು ಕೂಡ. ಮೂರು ತಿಂಗಳು ಪ್ರತಿ ಗುರುವಾರ ಡ್ಯೂಟಿ ಮುಗಿಸಿ ಬೈಕಿನಲ್ಲಿ ಪಂಚನಹಳ್ಳಿಗೆ ಹೋಗಿ, ಜಗಲಿಯ ಮೇಲೆ ಚಾಪೆ ಹಾಸಿಸಿ, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತಿಳಿಸುವುದನ್ನು ಹತ್ತು ಹತ್ತು ಸಲ ಮಾಡಿಸಿದರು. ಹುಲಿಯಮ್ಮ ಗೊಣಗುತ್ತಲೇ ಮಾಡಿದರು, ನಾಲ್ಕನೆಯ ತಿಂಗಳು ಕೆಲಸಕ್ಕೆ ಮರಳಿದರು. ಅವರ ಒದೆತವನ್ನು ಭೈರೇಶ್ ಅವರು ಎಂದೂ ಹಳಿಯಲಿಲ್ಲ. ಸುಮ್ಮನೆ ತಾಗಿಸಿದರೆ ಸಾಕು, ಆಮೇಲೆ ಹತ್ತು ಸಲ ಎತ್ತಿಸಿಯೇ ಕಳಿಸಿ, ಕಾಲು ಜೋಮು ಹಿಡಿದವರನ್ನು ಮಾತ್ರ ಮುಟ್ಟದೆ ಆಸ್ಪತ್ರೆಗೆ ಕಳಿಸಿ ಎಂದು ಕೇಳಿಕೊಂಡರು. ಆಕೆ ಇಂದಿಗೂ ಹಾಗೆಯೇ ನಡೆಸುತ್ತಿದ್ದಾರೆ.

ಕಳೆದ ತಿಂಗಳು ಆಸ್ಪತ್ರೆಯ ಕೊಠಡಿ ಖಾಲಿ ಮಾಡುತ್ತ ಪುಸ್ತಕದ ಪೆಟ್ಟಿಗೆ ಎತ್ತಿದ ಭೈರೇಶ್ ಅವರ ಸೊಂಟವೇ ಹಿಡಿಯಿತು. ನೆಟ್ಟಗೆ ಪಂಚನಹಳ್ಳಿಗೆ ಹೋಗಿ ಹುಲಿಯಮ್ಮನ ಚಾಪೆಯ ಮೇಲೆ ಬೋರಲು ಮಲಗಿ, "ನಂಗೂ ಒಂದು ಒದೆ ಕೊಡಿ ತಾಯಿ" ಎಂದರು.

ಹುಲಿಯಮ್ಮನ ಕಣ್ಣು ತುಂಬಿತು. "ನಿಮ್ಗೆ ಕಾಲ್ ತಾಗ್ಸಾಕಿಲ್ಲ ಸಾ, ಸಾಯೋಗಂಟ ತಾಗ್ಸಾಕಿಲ್ಲ. ತಿರುಗ್ ಮಲಿಕ್ಕೊಳ್ಳಿ. ಮಂಡಿ ಮಡಚಿ. ಹತ್ತು ಸಲ ಎತ್ತಿ, ನಾನ್ ಎಣಿಸ್ತೀನಿ."

ಭೈರೇಶ್ ಅವರು ನೂರು ವರ್ಷ ನೆಟ್ಟಗೆ ನಡೆಯಲಿ, ಆ ಗುರುವಾರದ ಬೈಕು ಮತ್ತೆ ಹೊರಡಲಿ. ಆ ಹತ್ತನ್ನು ಒಂದು ದಿನವೂ ತಪ್ಪಿಸದಿರಲಿ. ಎಣಿಸುವವರು ಪಂಚನಹಳ್ಳಿಯಲ್ಲಿ ಕಾದಿದ್ದಾರೆ.