ತಾಮ್ರದ ತಟ್ಟೆಯಲ್ಲಿ ಕರಗಿದ ಚಿಪ್ಪು

ಉರಣದ ಕಡಲತೀರದಲ್ಲಿ ಆ ಚಿಪ್ಪು ನನಗೆ ಸಿಕ್ಕಿದ್ದು ತೊಂಬತ್ತರ ದಶಕದ ನಡುವೆ, ಸಮುದ್ರದ ಉಬ್ಬರ ಇಳಿದಿದ್ದ ಒಂದು ಬೆಳಗ್ಗೆ. ನಿಂಬೆಹಣ್ಣಿನಷ್ಟು ದಪ್ಪದ, ಬೂದುಬಣ್ಣದ ಗಟ್ಟಿ ಮಣ್ಣಿನ ಹೆಂಟೆ. ಅದರ ಒಂದು ಮಗ್ಗುಲಲ್ಲಿ ಉಗುರಿನಗಲದ ಬಿಳಿ ಸುರುಳಿ ಒಳಗೊಳಗೇ ಸುತ್ತಿಕೊಂಡು ನಡುವೆ ಚುಕ್ಕೆಯಾಗಿ ಮುಗಿದಿತ್ತು. ಬೆರಳು ತಾಗಿದರೆ ಸೀಮೆಸುಣ್ಣದಂತೆ ಪುಡಿ ಹತ್ತುತ್ತಿತ್ತು. ಪಳೆಯುಳಿಕೆ ಇರಬಹುದೆನ್ನಿಸಿತು. ಊಟದ ಡಬ್ಬಿಯಲ್ಲಿ ಕರವಸ್ತ್ರ ಹಾಸಿ, ಅದರೊಳಗಿಟ್ಟು ಠಾಣೆಯ ಪಕ್ಕದ ಕಳವಾ ಊರಿನಲ್ಲಿದ್ದ ನನ್ನ ಬಾಡಿಗೆ ಖೋಲಿಗೆ ತಂದೆ.

ಮಹಾಪೆಯ ಕಾರ್ಖಾನೆಯಲ್ಲಿ ನನ್ನ ಜೊತೆಗಿದ್ದ ಮರಾಠಿ ಗೆಳೆಯನ ಅಣ್ಣ ಠಾಣೆಯ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುತ್ತಿದ್ದರು. ಫೋನಿನಲ್ಲಿ ಅವರು ಹೇಳಿದ್ದು, "ಧೋನಾ ಮತ್. ಮಿಟ್ಟಿ ಕೆ ಸಾಥ್ ಲಾನಾ." ತೊಳೆಯದೆ ಮಣ್ಣಿನ ಸಮೇತ ತರಬೇಕು, ಚಿಪ್ಪು ಹಳೆಯದೋ ಹೊಸದೋ ಎಂಬುದು ಸುತ್ತಲಿನ ಮಣ್ಣಿನಿಂದಲೇ ಗೊತ್ತಾಗಬೇಕು ಎಂದು ವಿವರಿಸಿ, ಭಾನುವಾರ ಸಂಜೆ ಮನೆಗೆ ಬರಲು ತಿಳಿಸಿದರು.

ಆ ಭಾನುವಾರ ಕೋಪರಿಯಲ್ಲಿ ಚಿಕ್ಕಪ್ಪನ, ಅಂದರೆ ಕಾಕಾನ ಮನೆಯಲ್ಲಿ ನನ್ನ ಊಟ. ವಿಜಾಪುರದಿಂದ ಬರುವಾಗ ಕಾಕಾ ತಂದಿದ್ದ ದೇವರ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಸಾಲಿಗ್ರಾಮಗಳಿದ್ದವು. ಡಬ್ಬಿ ತೆರೆದು ತೋರಿಸಿದ್ದೇ ತಡ, ಕಾಕಾ ಕನ್ನಡಕ ಏರಿಸಿಕೊಂಡರು.

"ಏ, ಇದಕ್ಕ ಚಕ್ರ ಅದಲ್ಲೋ ತಮ್ಮಾ!"

"ಗಂಡಕಿ ನದಿ ಬಿಟ್ಟು ನಿಮ್ಮ ದೇವರು ಉರಣಕ್ಕ್ಯಾಕ ಬರ್ತಾನ್ರೀ? ಲೋಕಲ್ ಹಿಡದು ಬಂದಾನೇನು?" ಎಂದು ಕಾಕೂ ಒಳಗಿನಿಂದಲೇ ನಕ್ಕರು.

"ಕಾಕಾ, ಇದು ಹುಳದ ಚಿಪ್ಪು. ನೀರು ಮುಟ್ಟಿಸೋ ಹಂಗಿಲ್ಲ. ಸಂಜೀಕೆ ಕಾಲೇಜಿನ ಸರ್ ನೋಡೋರದಾರ," ಎಂದೆ. ಸ್ಪಷ್ಟವಾಗಿಯೇ ಹೇಳಿದೆ. ಕಾಕಾ "ಆತು ಬಿಡೋ" ಎಂದರು.

ಅಟ್ಟದ ಮೇಲಿನ ದೊಡ್ಡ ಪಾತ್ರೆ, ಪಾತೇಲಿ, ಇಳಿಸಿಕೊಡಲು ಕಾಕೂ ಕರೆದರು. ಇಳಿಸಿ ಹೊರಗೆ ಬರುವಷ್ಟರಲ್ಲಿ ಕಾಕಾ ದೇವರ ಮುಂದೆ ಕುಳಿತಿದ್ದರು. ತಾಮ್ರದ ತಟ್ಟೆಯ ನಡುವೆ ನನ್ನ ಹೆಂಟೆ. ಶಂಖದಿಂದ ಅದರ ಮೇಲೆ ಹಾಲು ಬೀಳುತ್ತಿತ್ತು, ಬಾಯಲ್ಲಿ ಮಂತ್ರ. ಮೊದಲು ಹೆಂಟೆಯ ಅಂಚು ಮೆತ್ತಗಾಯಿತು. ಹಾಲು ಬೂದುಬಣ್ಣಕ್ಕೆ ತಿರುಗಿತು. ಆಮೇಲೆ ಸುರುಳಿ ಒಂದು ಕಡೆ ಕುಸಿದು, ರವೆಯಂತೆ ಹರಡಿಕೊಂಡಿತು. ನಾನು "ಕಾಕಾ!" ಎಂದೆ. ಮಂತ್ರ ನಿಲ್ಲಲಿಲ್ಲ. ಮುಗಿದ ಮೇಲೆ ತಲೆ ಎತ್ತಿ, "ನೋಡಿದಿ? ಸಾಲಿಗ್ರಾಮ ಆಗಿದ್ರ ಕರಗತಿತ್ತೇನು? ಪರೀಕ್ಷಾ ಆತು," ಎಂದರು. ಮುಖದಲ್ಲಿ ಬೇಸರವಿರಲಿ, ಸಂಕೋಚವೂ ಇರಲಿಲ್ಲ.

ತಟ್ಟೆಯನ್ನು ತುಳಸಿಗೆ ಸುರಿಯಲು ಎತ್ತಿಕೊಂಡಿದ್ದರು. ಕಸಿದುಕೊಂಡೆ. ಕರವಸ್ತ್ರದಲ್ಲಿ ಸೋಸಿದಾಗ ಉಳಿದದ್ದು ಒಂದು ಚಿಟಿಕೆ ಬಿಳಿ ಚೂರು. "ಒಂದು ಮಣ್ಣಿನ ಹೆಂಟಿಗೆ ಇಷ್ಟು ಸಿಟ್ಟೇನೋ?" ಎಂದರು ಕಾಕಾ. ಊಟ ಮಾಡದೆ ಎದ್ದು ಬಂದೆ.

ಸಂಜೆ ತಮ್ಮ ಮನೆಯಲ್ಲಿ ಸರ್ ಆ ಚೂರುಗಳನ್ನು ಕಪ್ಪು ಕಾಗದದ ಮೇಲೆ ಹರಡಿ, ಮಸೂರ ಹಿಡಿದು, ಒಂದೊಂದನ್ನೇ ಸೂಜಿಯಿಂದ ಹೊರಳಿಸಿ ನೋಡಿದರು. ಸಮುದ್ರದ ಬಸವನಹುಳು ಎಂಬುದಷ್ಟು ಖಚಿತ. ಸಾವಿರಾರು ವರ್ಷ ಮಣ್ಣಿನೊಳಗಿತ್ತೋ, ಹೋದ ಮಳೆಗಾಲದಲ್ಲಿ ಸತ್ತದ್ದೋ, ಅದನ್ನು ಇನ್ನು ಯಾರೂ ಹೇಳಲಾರರು ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಯಾರು ತೊಳೆದರೆಂದು ಹೇಳಬಹುದಿತ್ತು.

ಆ ವರ್ಷದ ದೀಪಾವಳಿಗೆ ಡೊಂಬಿವಲಿಯಲ್ಲಿ, ಸೋದರತ್ತೆಯ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಚಕ್ಕುಲಿ ಮುರಿಯುತ್ತ ಕಾಕಾ ಈ ಕಥೆ ತೆಗೆದರು. "ಇವಾ ಏನೋ ಕಲ್ಲು ತಂದಿದ್ದ. ಕಾಲೇಜಿನವರ ತನಕಾ ಯಾಕ, ನಾನೇ ಪರೀಕ್ಷಾ ಮಾಡಿ ಹೇಳಿಬಿಟ್ಟೆ!" ಎಲ್ಲರೂ ನಕ್ಕರು.

"ಅದು ದೇವರಲ್ಲ ಅಂತ ನನಗ ಮೊದಲೇ ಗೊತ್ತಿತ್ತು ಕಾಕಾ. ಏನು ಅಂತ ಕೇಳಲಿಕ್ಕೆ ಹೊರಟಿದ್ದೆ," ಎಂದೆ. ನನ್ನ ಧ್ವನಿ ನನಗೇ ಜೋರೆನ್ನಿಸಿತು. ನಗು ನಿಂತಿತು.

ಕಾಕಾ ಇನ್ನೊಂದು ಚಕ್ಕುಲಿ ಎತ್ತಿಕೊಂಡರು. "ಹುಳಾ ಅಂತ ನೀನ ಹೇಳಿದ್ದೆಲ್ಲೋ, ಮತ್ತ ಕೇಳೂದೇನಿತ್ತು?" ಎಂದು, ಚಹಾ ತರಲು ಅತ್ತೆಯನ್ನು ಕೂಗಿದರು.