ಗೊಂಬೆಯ ಕೂಗು

ಮೇಡಂ ಅವರ ಎಡಗೈ ಹೆಬ್ಬೆರಳ ಬುಡ ಯಾವಾಗಲೂ ಊದಿಕೊಂಡಿರುತ್ತಿತ್ತು. ಕರುಳಿನೊಳಗೆ ತೂರಿಸಿ ನೋಡುವ ಕೊಳವೆ, ಎಂಡೋಸ್ಕೋಪಿನ ಚಕ್ರವನ್ನು ವರ್ಷಗಟ್ಟಲೆ ತಿರುಗಿಸಿ ಆದದ್ದು. ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದಲೇ ಕಚ್ಚಿ ತೆಗೆಯುತ್ತಿದ್ದರು.

ನಾನು ಹರಿಹರದಲ್ಲಿ ಪ್ರಾಕ್ಟೀಸ್ ಮಾಡುವ ವೈದ್ಯ. ದಾವಣಗೆರೆಯಲ್ಲಿ ಮೇಡಂ ನಡೆಸುತ್ತಿದ್ದ ಎಂಡೋಸ್ಕೋಪಿ ತರಬೇತಿಗೆ ಸೇರಿದ್ದು ನಲವತ್ತು ದಾಟಿದ ಮೇಲೆ. ಅಲ್ಲಿ ಮೇಜಿನ ಮೇಲೆ ಅರ್ಧ ದೇಹದ ರಬ್ಬರ್ ಗೊಂಬೆ, ಪಕ್ಕದಲ್ಲಿ ಒಂದು ಪರದೆ. ಗೊಂಬೆಯೊಳಗೆ ಸ್ಕೋಪ್ ತೂರಿಸಿದರೆ ಪರದೆಯಲ್ಲಿ ಕರುಳಿನ ತಿರುವುಗಳು ಕಾಣುತ್ತಿದ್ದವು. ಬಲವಂತವಾಗಿ ತಳ್ಳಿದರೆ ಯಂತ್ರ ನರಳುತ್ತಿತ್ತು, ಇನ್ನೂ ತಳ್ಳಿದರೆ ಕೂಗುತ್ತಿತ್ತು. ಯಾವುದೋ ಹೊರದೇಶದ ಹೆಂಗಸಿನ ಧ್ವನಿ.

"ನಮ್ಮೋರಾದ್ರೆ ಯವ್ವಾ ಅಂತಾರ. ಇಷ್ಟು ನಾಜೂಕಾಗಿ ಎಲ್ಲಿ ಕೂಗ್ತಾರ್ರಿ?" ಎಂದು ಮೇಡಂ ನಗುತ್ತಿದ್ದರು.

ಅವರ ನಿಯಮ ಮಾತ್ರ ನಗುವಂಥದ್ದಲ್ಲ. ಗೊಂಬೆ ನರಳಿದ ಕೂಡಲೇ ಕೈ ನಿಲ್ಲಿಸಬೇಕು, ಸ್ಕೋಪನ್ನು ಹಿಂದಕ್ಕೆಳೆದು ನೆಟ್ಟಗೆ ಮಾಡಬೇಕು, "ನೋವಾತೇನವ್ವಾ?" ಎಂದು ಬಾಯಿ ಬಿಟ್ಟು ಕೇಳಬೇಕು. ತಲೆ ನರೆತ ವೈದ್ಯರು ರಬ್ಬರಿಗೆ ಕ್ಷೇಮ ಕೇಳಲು ಮುಜುಗರಪಟ್ಟು ಗೊಣಗುತ್ತಿದ್ದರು. "ಇಲ್ಲಿ ಬಾಯಿ ಬರ್ಲಿಲ್ಲಂದ್ರೆ ಅಲ್ಲೂ ಬರಲ್ರಿ" ಎನ್ನುತ್ತಿದ್ದರು ಮೇಡಂ.

ನಮ್ಮ ತಂಡದಲ್ಲಿ ದೊಡ್ಡ ನರ್ಸಿಂಗ್ ಹೋಮಿನ ಮಾಲೀಕರೊಬ್ಬರಿದ್ದರು. ಗೊಂಬೆ ಕೂಗಿದ್ದೇ ತಡ, ಕೈ ಚಾಚಿ ಧ್ವನಿಯ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದರು. "ಥೂ, ಇದರದ್ದೊಂದು ತಲೆನೋವು" ಎಂದರು. ಉಳಿದವರು ಹಲ್ಲು ಕಿರಿದರು. ಮಾಲೀಕರು ಕೊನೆಯವರೆಗೂ ತಳ್ಳಿಕೊಂಡೇ ಹೋಗಿ, "ನೋಡ್ರಿ, ಎಷ್ಟು ಸ್ಮೂತ್!" ಎಂದು ಫೋಟೊ ತೆಗೆಸಿಕೊಂಡರು. ನನಗೆ ಹೇಸಿಗೆಯಾಯಿತು. ಕೀವು, ಮಲ ಯಾವುದನ್ನು ಕಂಡೂ ಅಂಥ ಹೇಸಿಗೆ ನನಗೆ ಬಂದದ್ದಿಲ್ಲ.

ಮೇಡಂ ಧ್ವನಿ ಮತ್ತೆ ಹಾಕಿ, ಗುಂಡಿಯ ಮೇಲೆ ಅಡ್ಡಡ್ಡ ಪ್ಲಾಸ್ಟರ್ ಅಂಟಿಸಿದರು.

"ಸಾರ್, ನಿಮ್ಮ ಪೇಷಂಟ್ ಕೂಗಿದ್ರೆ ಯಾವ ಗುಂಡಿ ಒತ್ತತೀರಿ?"

"ನಿದ್ದಿ ಇಂಜೆಕ್ಷನ್ ಐತಲ್ಲ ಮೇಡಂ!"

ಅವರ ಸರ್ಟಿಫಿಕೇಟಿಗೆ ಮೇಡಂ ಸಹಿ ಹಾಕಲಿಲ್ಲ. ಸಂಸ್ಥೆಯ ಮೇಲಿನವರೇ ಹಾಕಿ, ಶಾಲು ಹೊದಿಸಿ ಕಳಿಸಿದರು. ನಾಚಿಕೆ ಎನ್ನುವುದು ಯಾರಿಗೂ ಇರಲಿಲ್ಲ.

ಕೆಲವು ವರ್ಷಗಳ ನಂತರ ಮೇಡಂಗೇ ಕರುಳಿನ ಪರೀಕ್ಷೆ ಬೇಕಾಯಿತು. ದಾವಣಗೆರೆಯ ಸರಸ್ವತಿ ನಗರದ ಮನೆಯಿಂದ ಹೊರಟು ಹರಿಹರಕ್ಕೆ, ನನ್ನ ಹತ್ತಿರ ಬಂದರು.

"ದಾವಣಗೆರೆಯಾಗ ಅಷ್ಟು ಜನ ಇದ್ದಾರಲ್ರಿ ಮೇಡಂ, ನನ್ನತ್ರ ಯಾಕ?"

"ನೀನು ಆ ಗೊಂಬಿನ ಮನಸಿಟ್ಟು ಕೇಳ್ತಿದ್ದೆಪ್ಪ. ಅದಕ್ಕ."

ನಿದ್ದೆಯ ಇಂಜೆಕ್ಷನ್ ಬೇಡವೆಂದರು. ಮೊದಲ ತಿರುವಿನಲ್ಲಿ ಅವರು ಉಸಿರು ಬಿಗಿಹಿಡಿದದ್ದು ಕಂಡು ನಿಲ್ಲಿಸಿ, ಹಿಂದಕ್ಕೆಳೆದೆ. "ನೋವಾತೇನ್ರಿ?"

"ಆತು. ಈಗ ಹೋತು. ನಡಿ."

ಪರದೆಯಲ್ಲಿ ಗಡ್ಡೆ ನನಗಿಂತ ಮೊದಲು ಅವರಿಗೇ ಕಂಡಿತು. "ಅಲ್ಲೇ ನಿಲ್ಸು, ಚೂರು ತಕ್ಕ" ಎಂದರು, ತರಗತಿಯಲ್ಲಿ ಹೇಳುವಂತೆ. ನಾನು ಪರೀಕ್ಷೆಗೆ ಚೂರು ತೆಗೆದೆ. ಅದೇ ವರ್ಷ ಅವರು ತೀರಿಕೊಂಡರು.

ಶ್ರದ್ಧಾಂಜಲಿ ಸಭೆ ಅದೇ ತರಬೇತಿ ಕೊಠಡಿಯಲ್ಲಿ ನಡೆಯಿತು. ಆ ಮಾಲೀಕರು ಮೈಕ್ ಹಿಡಿದು, "ರೋಗಿಯ ನೋವು ಕೇಳಿಸಿಕೊಳ್ಳುವುದನ್ನು ನಮಗೆ ಕಲಿಸಿದ ತಾಯಿ" ಎಂದು ಕಣ್ಣೊರೆಸಿಕೊಂಡರು. ಭಾಷಣ ಮುಗಿಸಿ ಅತಿಥಿಗಳಿಗೆ ಗೊಂಬೆ ತೋರಿಸಲು ಅವರೇ ಸ್ಕೋಪ್ ಹಿಡಿದರು. ಪರದೆಯಲ್ಲಿ ಕರುಳು ಹಿಗ್ಗುತ್ತಿತ್ತು, ಸದ್ದೇ ಇಲ್ಲ. ಗುಂಡಿಯ ಮೇಲಿನ ಪ್ಲಾಸ್ಟರ್ ಯಾರೋ ಕಿತ್ತು ಧ್ವನಿ ಆರಿಸಿದ್ದರು.

ನಾನು ಹೋಗಿ ಧ್ವನಿ ಹಾಕಿದೆ. ಗೊಂಬೆ ಚೀರಿತು. ಮಾಲೀಕರು ಬೆಚ್ಚಿ ಕೈ ತೆಗೆದರು.

"ನೋವಾತೇನು ಅಂತ ಕೇಳ್ರಿ ಸಾರ್" ಎಂದೆ.

ಅವರು ಕೇಳಲಿಲ್ಲ. ಮೊಬೈಲ್ ನೋಡುತ್ತ ಊಟದ ಕಡೆ ನಡೆದರು. ನಾನು ಗುಂಡಿಯ ಮೇಲೆ ಹೊಸ ಪ್ಲಾಸ್ಟರ್ ಅಂಟಿಸಿದೆ. ಈಗಲೂ ದಾವಣಗೆರೆಗೆ ಹೋದಾಗಲೆಲ್ಲ ಆ ಕೊಠಡಿಗೆ ಹೋಗುತ್ತೇನೆ. ಪ್ರತಿ ಸಲವೂ ಪ್ಲಾಸ್ಟರನ್ನು ಯಾರೋ ಕಿತ್ತಿರುತ್ತಾರೆ. ನಾನು ಮತ್ತೆ ಅಂಟಿಸಿ ಬರುತ್ತೇನೆ.